ಕಡೂರಿನಲ್ಲಿ ಸುಮ್ಮನಿರಲು ಕಲಿತದ್ದು

ಕಡೂರಿನಿಂದ ತರೀಕೆರೆಗೆ ಹೋಗುವ ಬಸ್ಸು ಬೀರೂರು ದಾಟಿತ್ತು. ಮುಂದಿನ ಸೀಟಿನ ಹೆಂಗಸು ಹಿಂದಕ್ಕೆ ತಿರುಗಿ ನನ್ನನ್ನೇ ಕೇಳಿದರು: "ಸಿಸ್ಟರ್, ನಮ್ ಬೀದಿ ಮೇಷ್ಟ್ರು ನಿಮ್ ಆಸ್ಪತ್ರೇಲೇ ಅವ್ರಲ್ಲ, ಏನಂತೆ ಅವ್ರಿಗೆ?"

ಕಡೂರಿಗೆ ಬಂದು ಕೆಲವು ತಿಂಗಳಾಗಿದ್ದರೂ ಬಸ್ಸಿನಲ್ಲಿ ಯಾರೂ ನನ್ನನ್ನು ಮಾತಾಡಿಸಿರಲಿಲ್ಲ. ಅಂದು ತರೀಕೆರೆ ಆಸ್ಪತ್ರೆಯ ವಾರ್ಡಿನಲ್ಲಿ ಕಲಿಕೆಯ ಮೊದಲ ದಿನ, ಯೂನಿಫಾರ್ಮ್ ತೊಟ್ಟಿದ್ದೆ. ಆ ಮೇಷ್ಟ್ರನ್ನು ನಾನಿನ್ನೂ ನೋಡಿಲ್ಲ ಎಂದೆ. ಟಿಕೆಟ್ ಹರಿಯುತ್ತಿದ್ದ ಕಂಡಕ್ಟರ್, "ಈಗ ಹೋಗ್ತಾವ್ರೆ ಬಿಡಕ್ಕ, ಸಂಜೆ ಕೇಳು" ಎಂದ. ಸಂಜೆ ಅದೇ ಬಸ್ಸಿನಲ್ಲಿ ನಿಜಕ್ಕೂ ಇಬ್ಬರು ಕೇಳಿದರು.

ನಾನು ರಾಯಚೂರು ಜಿಲ್ಲೆಯ ಮಾನ್ವಿಯವಳು. ಅಲ್ಲಿ ಒಂದು ವಾರಪತ್ರಿಕೆಗೆ ವರದಿ ಬರೆಯುತ್ತಿದ್ದೆ. ಪತ್ರಿಕೆ ನಿಂತ ಮೇಲೆ ನರ್ಸಿಂಗ್ ಸೀಟು ಸಿಕ್ಕಿದ್ದು ಕಡೂರಿನಲ್ಲಿ. ನಮ್ಮ ಕಡೆಯಿಂದ ಈ ಓದಿಗೆ ಹೊರಡುವ ಹುಡುಗಿಯರು ಹೆಚ್ಚುತ್ತಿದ್ದಾರೆ. ಅವರಿಗೆ ಉಪಯೋಗವಾದೀತೆಂದು ಇದನ್ನು ಬರೆಯುತ್ತಿದ್ದೇನೆ. ಈ ಬರಹದಲ್ಲಿ ಬರುವವರ ಒಪ್ಪಿಗೆ ಪಡೆದಿದ್ದೇನೆ. ಹೆಸರುಗಳು ನಿಜವಲ್ಲ.

ಮೊದಲ ಕಷ್ಟ ಊಟದ್ದು. ಜೋಳದ ರೊಟ್ಟಿ ಮುರಿದು ಅಗಿದು ತಿನ್ನುವ ನಮಗೆ ರಾಗಿ ಮುದ್ದೆಯನ್ನು ಅಗಿಯದೆ ನುಂಗಬೇಕೆಂದು ಯಾರೂ ಹೇಳಿರಲಿಲ್ಲ. ಹೇಳಿದ್ದು ಮನೆಯೊಡತಿ ಗಂಗಮ್ಮ. ಅವರಿಗೆ ಸಿಂಗಟಗೆರೆಯಲ್ಲಿ ತೆಂಗಿನ ತೋಟವಿದೆ. ಕೊಬ್ಬರಿ ವ್ಯಾಪಾರ ಮಾಡುವ ಮಗ ಮಂಜುನಾಥನ ಜೊತೆ ಕಡೂರಿನಲ್ಲಿ ಇದ್ದಾರೆ. ಹಿತ್ತಲಿನ ಕೋಣೆಯನ್ನು ನನಗೆ ಬಾಡಿಗೆಗೆ ಕೊಟ್ಟವರು ಎರಡನೇ ವಾರಕ್ಕೇ ಒಳಮನೆಯಲ್ಲಿ ತಟ್ಟೆ ಹಾಕಿದರು. ಮುದ್ದೆ ಅಗಿಯುತ್ತಿದ್ದ ನನ್ನನ್ನು ನೋಡಿ, "ಲೇ ಮಾದೇವಿ, ಅದೇನು ಎಲೆ ಅಡಿಕೇನೇ? ಸಾರಲ್ಲಿ ಅದ್ದಿ ನುಂಗು" ಎಂದರು. ನನ್ನ "ಹೌದ್ರಿ", "ಹೂನ್ರಿ"ಗಳಿಗೆ ತಾಯಿ ಮಗ ಇಬ್ಬರೂ ನಗುತ್ತಿದ್ದರು. ಆಮೇಲಾಮೇಲೆ ಮಂಜುನಾಥನೇ ಫೋನಿನಲ್ಲಿ ಗಿರಾಕಿಗಳಿಗೆ "ಹೂನ್ರಿ" ಅನ್ನತೊಡಗಿದ.

ವಾರ್ಡಿನ ಮೊದಲ ಪಾಠಗಳು ಸರಳ. ಒಬ್ಬ ರೋಗಿಯಿಂದ ಇನ್ನೊಬ್ಬರ ಬಳಿಗೆ ಹೋಗುವ ಮೊದಲು ಕೈ ತೊಳೆಯಬೇಕು. ಮುಟ್ಟುವ ಮೊದಲು ಹೆಸರು ಹೇಳಿಸಿ, ಏನು ಮಾಡಲಿದ್ದೇವೆಂದು ತಿಳಿಸಬೇಕು. ಹಾಸಿಗೆಯಲ್ಲಿ ರೋಗಿ ಮಲಗಿರುವಾಗಲೇ ಮಗ್ಗುಲು ಹೊರಳಿಸಿ ಚಾದರ ಬದಲಿಸಬೇಕು. ರೋಗಿಯ ಸಂಗತಿ ವಾರ್ಡಿನಿಂದ ಹೊರಗೆ ಹೋಗಬಾರದು. ಕೊನೆಯದನ್ನು ಎಲ್ಲಕ್ಕಿಂತ ಸುಲಭವೆಂದು ಭಾವಿಸಿದ್ದೆ. ಅದಕ್ಕೆ ಕೈಚಳಕವೇನೂ ಬೇಕಿರಲಿಲ್ಲ.

ಆದರೆ ಈ ಸೀಮೆಯಲ್ಲಿ ಒಬ್ಬರು ಆಸ್ಪತ್ರೆ ಸೇರಿದರೆ ಬೀದಿಯವರೆಲ್ಲ ಎಳನೀರು ಹಿಡಿದು ನೋಡಲು ಬರುತ್ತಾರೆ. ಏನಾಗಿದೆ ಎಂದು ಕೇಳದೆ ಹೋದರೆ ಕೇಳದವರಿಗೇ ಕೆಟ್ಟ ಹೆಸರು. ನಮ್ಮ ಕಡೆಯೂ ಕೇಳುತ್ತಾರೆ. ಅಲ್ಲಿ ನಾನು ಮೊದಲು ಇಂಥವರ ಮಗಳು, ಆಮೇಲೆ ಉಳಿದದ್ದು. ಇಲ್ಲಿ ನನ್ನ ಅಪ್ಪ ಯಾರೆಂದು ಒಬ್ಬರಿಗೂ ಗೊತ್ತಿಲ್ಲ. ಗೊತ್ತಿರುವುದು ಯೂನಿಫಾರ್ಮ್ ಮಾತ್ರ. ಕೇಳಿದವರಿಗೆ ಒಂದು ಮಾತು ಹೇಳಿದರೆ ಅವರು ನನ್ನವರಾಗುತ್ತಿದ್ದರು. ಹಾಗಾಗಿ ಕೆಡುಕಿಲ್ಲವೆನಿಸಿದ್ದನ್ನು ಹೇಳುತ್ತಿದ್ದೆ. ಮೇಷ್ಟ್ರಿಗೆ ಪಿತ್ತಕೋಶದಲ್ಲಿ ಕಲ್ಲು, ನಾಳೆ ಮನೆಗೆ ಕಳಿಸುತ್ತಾರೆ. ಆ ಅಜ್ಜಿಗೆ ಬರೀ ಜ್ವರ. ರಾತ್ರಿ ಊಟದ ಹೊತ್ತಿಗೆ ಗಂಗಮ್ಮನಿಗೂ ಇಂಥವನ್ನು ಹೇಳುತ್ತಿದ್ದೆ. ಒಂಟಿತನಕ್ಕೆ ಅದು ಒಳ್ಳೆಯ ಮದ್ದಾಗಿತ್ತು.

ಆಮೇಲೆ ನಮ್ಮ ವಾರ್ಡಿಗೆ ಅಜ್ಜಂಪುರದಿಂದ ಒಬ್ಬ ಹುಡುಗಿ ಬಂದಳು. ಸುಮಾ ಎಂದಿಟ್ಟುಕೊಳ್ಳಿ. ಅವಳ ಕಾಯಿಲೆಯ ಹೆಸರು ಬರೆಯುವುದಿಲ್ಲ. ಮಾತ್ರೆ ತಪ್ಪಿಸದಿದ್ದರೆ ಎಲ್ಲರಂತೆ ಬಾಳಬಹುದು. ಆದರೆ ಹೆಣ್ಣು ನೋಡಲು ಬಂದವರ ಕಿವಿಗೆ ಬಿದ್ದರೆ ಅರ್ಧಕ್ಕೇ ಎದ್ದು ಹೋಗುವಂಥ ಕಾಯಿಲೆ. ಬಿ.ಪಿ. ನೋಡುತ್ತಿದ್ದಾಗ ಅವಳು ಕೇಳಿದಳು: "ಅಕ್ಕಾ, ನೀವು ಕಡೂರಲ್ಲಿ ಇರೋದು ಕೊಬ್ಬರಿ ಮಂಜುನಾಥ್ ಅವ್ರ ಮನೇಲಂತೆ?"

ಹೌದೆಂದೆ.

"ನಮ್ಮನೆಗೆ ಬಂದು ನೋಡ್ಕೊಂಡ್ ಹೋಗವ್ರೆ. ಒಪ್ಪಿದೀವಿ ಅಂತ್ಲೂ ಹೇಳವ್ರೆ. ಇದನ್ನ ನಾನೇ ಅವ್ರಿಗೆ ಹೇಳ್ಬೇಕು ಅಂತಿದೀನಿ. ಅಮ್ಮ ಬೇಡ ಅಂತಾಳೆ. ನೀವು ಹೇಳ್ಬೇಡಿ ಅಕ್ಕ."

ಹೇಳುವುದಿಲ್ಲವೆಂದು ಮಾತು ಕೊಟ್ಟೆ.

ಅಂದು ಸಂಜೆ ಗಂಗಮ್ಮ ಬಾಗಿಲಲ್ಲೇ ಕಾದಿದ್ದರು. ಆಸ್ಪತ್ರೆಯಲ್ಲಿ ಹುಡುಗಿಯನ್ನು ಕಂಡವರು ಯಾರೋ ಫೋನ್ ಮಾಡಿದ್ದರು.

"ಅಜ್ಜಂಪುರದ ಹುಡ್ಗಿ ನಿಮ್ ವಾರ್ಡಲ್ಲೇ ಐತಂತಲ್ಲ. ಏನಂತೆ?"

"ನಂಗ ಗೊತ್ತಿಲ್ಲಮ್ಮ."

"ಮೇಷ್ಟ್ರ ಹೊಟ್ಟೇಲಿರೋ ಕಲ್ಲು ಗೊತ್ತಿತ್ತು. ಅಜ್ಜಿ ಜ್ವರ ಗೊತ್ತಿತ್ತು. ಇದು ಗೊತ್ತಿಲ್ವ?"

ಅವರು ನನ್ನ ಮುಖವನ್ನೇ ನೋಡುತ್ತಿದ್ದರು. "ಜ್ವರ ಆಗಿದ್ರೆ ಜ್ವರ ಅಂತಿದ್ದೆ," ಎಂದರು ಮೆಲ್ಲಗೆ. "ಏನೋ ಐತೆ."

ಕಾಯಿಲೆಯ ಬಗ್ಗೆ ಒಂದು ಮಾತೂ ಆಡದೆ ನಾನು ಅರ್ಧ ಹೇಳಿಬಿಟ್ಟಿದ್ದೆ. ಉಳಿದವರ ವಿಷಯದಲ್ಲಿ ಬಾಯಿ ಬಿಟ್ಟಿದ್ದರಿಂದ ಇವಳ ವಿಷಯದಲ್ಲಿ ಬಾಯಿ ಮುಚ್ಚಿದ್ದೇ ಸುದ್ದಿಯಾಯಿತು.

ಬೆಳಗ್ಗೆ ಶಬಾನಾ ಮೇಡಂಗೆ ಎಲ್ಲವನ್ನೂ ತಿಳಿಸಿದೆ. ತರೀಕೆರೆಯವರೇ ಆದ ಅವರು ನಮಗೆ ವಾರ್ಡಿನ ಕೆಲಸ ಕಲಿಸುವವರು. ಮನೆಯಿಂದ ಬಂದ ಫೋನಿಗೆ ದಖನಿ ಉರ್ದುವಿನಲ್ಲಿ ಏನೋ ಹೇಳಿ ಮುಗಿಸಿ, ನನ್ನ ಕಡೆ ತಿರುಗಿದರು.

"ನಾನು ಇದೇ ಊರಲ್ಲಿ ಹುಟ್ಟಿ ಬೆಳೆದೋಳು. ಮದುವೆ ಮನೆಗೆ ಹೋದ್ರೆ ಊಟಕ್ಕಿಂತ ಮುಂಚೆ ರೋಗದ ವಿಚಾರ ಕೇಳ್ತಾರೆ. ಒಳ್ಳೇ ಸುದ್ದೀನೂ ಹೇಳ್ಬಾರ್ದು ಕಣಮ್ಮ. ದಿನಾ ಸುಮ್ಮನಿರೋರು ಸುಮ್ಮನಿದ್ರೆ ಯಾರಿಗೂ ಏನೂ ತಿಳಿಯಲ್ಲ."

"ಈಗೇನ್ ಮಾಡ್ಲಿ ಮೇಡಂ?"

"ಮೊದ್ಲು ಆ ಹುಡುಗೀಗೆ ಹೇಳು. ಅವಳ ಸಂಗತಿ ಎಲ್ಲಿವರ್ಗೆ ಹೋಗಿದೆ ಅಂತ ಅವಳಿಗೆ ಗೊತ್ತಿರ್ಬೇಕು."

ಹೇಳಿದೆ. ಸುಮಾ ಗೋಡೆಯ ಕಡೆ ಹೊರಳಿ ಮಲಗಿದಳು. ಮಧ್ಯಾಹ್ನದ ಮಾತ್ರೆಯನ್ನು ನನ್ನ ಕೈಯಿಂದ ತೆಗೆದುಕೊಳ್ಳಲಿಲ್ಲ. ನನ್ನ ಜೊತೆಯ ಇನ್ನೊಬ್ಬ ವಿದ್ಯಾರ್ಥಿನಿ ಕೊಟ್ಟಳು. ಸಂಜೆ ಡ್ಯೂಟಿ ಮುಗಿಸಿ ಹೊರಟಾಗ ಸುಮಾಳೇ ಕರೆದಳು. "ಅವ್ರು ಊಹೆ ಮಾಡ್ಕೊಳ್ಳೋ ಮುಂಚೆ ನಾನೇ ಹೇಳ್ತೀನಿ. ನಾಳೆ ಇಬ್ರೂ ಬರ್ಲಿ ಅಂತ ಫೋನ್ ಮಾಡಿದೀನಿ. ನೀವು ಅಲ್ಲಿ ಇರ್ಬೇಡಿ."

ಮರುದಿನ ರೋಗಿಗಳನ್ನು ನೋಡಲು ಬಿಡುವ ಹೊತ್ತಿಗೆ ಗಂಗಮ್ಮ ಮತ್ತು ಮಂಜುನಾಥ ಬಂದರು. ನಾನು ವಾರ್ಡಿನ ಇನ್ನೊಂದು ತುದಿಯಲ್ಲಿ ಚಾದರ ಬದಲಿಸುತ್ತಿದ್ದೆ. ಏನು ಮಾತಾಡಿದರೋ ಕೇಳಿಸಲಿಲ್ಲ. ಕಂಡಷ್ಟನ್ನು ಬರೆಯುತ್ತೇನೆ. ಸುಮಾ ಎದ್ದು ಕುಳಿತು ಮಾತಾಡಿದಳು. ಅವಳ ತಾಯಿ ಸೆರಗಿನಿಂದ ಮುಖ ಮುಚ್ಚಿಕೊಂಡಿದ್ದರು. ಮಂಜುನಾಥ ಒಂದೆರಡು ಪ್ರಶ್ನೆ ಕೇಳಿದ. ಗಂಗಮ್ಮ ಎದ್ದು ಕಿಟಕಿಯ ಬಳಿ ನಿಂತರು, ಬಹಳ ಹೊತ್ತಿನ ಮೇಲೆ ಬಂದು ಮತ್ತೆ ಕುಳಿತರು.

ಮದುವೆ ನಡೆಯುತ್ತದೆ. ಮಗ ಹಟ ಹಿಡಿದನೋ ತಾಯಿ ಮನಸ್ಸು ಮಾಡಿದರೋ ನನಗೆ ತಿಳಿಯದು. "ಮುಚ್ಚಿಡೋ ಹುಡ್ಗಿ ಅಲ್ಲ ಅಂತಾಯ್ತಲ್ಲ" ಎಂದು ಗಂಗಮ್ಮ ನೆಂಟರೊಬ್ಬರಿಗೆ ಹೇಳಿದ್ದನ್ನು ಕೇಳಿದ್ದೇನೆ. ಸುಮಾ ಈಗ ನನ್ನೊಂದಿಗೆ ಮಾತಾಡುತ್ತಾಳೆ. ಗಂಗಮ್ಮನ ನೋವು ಮಾತ್ರ ಇಳಿದಿಲ್ಲ. ಒಂದು ಸಂಜೆ ಮುದ್ದೆ ಬಡಿಸುತ್ತ, "ನಿಮ್ ರಾಯಚೂರು ಕಡೆಯೋರು ಹಿಂಗೇ ಏನೇ?" ಎಂದರು. "ಎಷ್ಟ್ ಉಣ್ಣಾಕಿಕ್ಕಿದ್ರೂ ಮನಸ್ಸು ಬಿಚ್ಚಲ್ಲ. ನಮ್ ಕಡೆ ಹಿಂಗಿಲ್ಲಪ್ಪ."

ನಮ್ಮ ಕಡೆಯೂ ಹೀಗಿಲ್ಲವೆಂದು ಹೇಳಬಹುದಿತ್ತು. ಹೇಳಲಿಲ್ಲ. ಈಗ ಬಸ್ಸಿನಲ್ಲಿ ಯಾರು ಏನು ಕೇಳಿದರೂ "ಅವರನ್ನೇ ಕೇಳಿ" ಅನ್ನುತ್ತೇನೆ. ಕಂಡಕ್ಟರ್ ನನಗೆ ಬೀಗದ ಸಿಸ್ಟರ್ ಎಂದು ಹೆಸರಿಟ್ಟಿದ್ದಾನೆ.

ರಜೆಗೆ ಮಾನ್ವಿಗೆ ಹೋದಾಗ ನೆರೆಮನೆಯ ಸಾವಿತ್ರಕ್ಕ ಸ್ಕ್ಯಾನಿಂಗ್ ರಿಪೋರ್ಟ್ ಹಿಡಿದು ಬಂದರು. ನನಗೆ ಅರ್ಥವಾದಷ್ಟನ್ನು ತಿಳಿಸಿ, ಉಳಿದದ್ದನ್ನು ಡಾಕ್ಟರನ್ನೇ ಕೇಳಬೇಕೆಂದೆ. ಅವರು ಅಂಗಳಕ್ಕೆ ಇಳಿದರೋ ಇಲ್ಲವೋ, ಅವ್ವ ಒಳಗಿನಿಂದ ಬಂದಳು.

"ಏನಾಗೇತಂತ ಅಕಿಗೆ?"

"ಅಕಿನ್ನ ಕೇಳವ್ವ."

"ನಾ ಏನ್ ಹೊರಗಿನಾಕೀನ? ಆ ಕಡೆ ಮಂದಿ ಹಂಗ ಆಗಿ ನೋಡು. ನಮ್ಮ ಕಡೆ ಯಾರರ ಹಿಂಗ ಮಾಡ್ತಾರೇನು?"

ಅಂಗಳದಲ್ಲಿ ಚಪ್ಪಲಿ ಮೆಟ್ಟುತ್ತಿದ್ದ ಸಾವಿತ್ರಕ್ಕ ತಲೆ ಎತ್ತಿ ನೋಡಿ ಹೋದರು. ಮರುದಿನ ಮತ್ತೆ ಬಂದರು. ಅವ್ವ ನೀರಿಗೆ ಹೊರಡುವವರೆಗೆ ಅದೂ ಇದೂ ಮಾತಾಡಿ, ಆಮೇಲೆ ಹತ್ತಿರ ಸರಿದು, ಗಂಡನಿಗೂ ಹೇಳದ ಒಂದು ಸಂಗತಿಯ ಬಗ್ಗೆ ಕೇಳಿದರು.

ಅವ್ವ ಕೊಡ ಹೊತ್ತು ಒಳಗೆ ಬಂದಾಗ ಇಬ್ಬರೂ ಮಾತು ನಿಲ್ಲಿಸಿದೆವು. ಅವಳು ಏನನ್ನೂ ಕೇಳಲಿಲ್ಲ. ಚಹಾ ಮಾಡಿ ತಂದು ನಮ್ಮಿಬ್ಬರ ಮುಂದೆ ಇಟ್ಟಳು. ನನಗೂ ಬಂದವರಿಗೆ ಕೊಡುವ ಕಪ್ಪಿನಲ್ಲೇ ಇಟ್ಟಿದ್ದಳು.