ಅಂಬುಜಮ್ಮನ ಮನೆ ಮೂಲೆ

ಬೋಗಾದಿ ಇನ್ನೂ ಹಳ್ಳಿಯಾಗಿದ್ದಾಗ ಮನೆಗೊಂದು ತಿಪ್ಪೆ ಇತ್ತು. ಅಂಬುಜಮ್ಮ ಸೊಸೆಯಾಗಿ ಬಂದ ಹೊಸದರಲ್ಲಿ, ಪಕ್ಕದ ಮನೆಯವಳು ಇವರ ತಿಪ್ಪೆಯಿಂದ ಒಂದು ಮಂಕರಿ ಗೊಬ್ಬರ ಹೊತ್ತುಕೊಂಡು ಹೋದಳೆಂದು ಎರಡು ಮನೆಗಳ ನಡುವೆ ಮಾತೇ ನಿಂತುಹೋಗಿತ್ತು. ಆಗ ಕಸಕ್ಕೂ ಒಬ್ಬ ಯಜಮಾನ ಇದ್ದ. ಈಗ ಹೊಲವೆಲ್ಲ ಬಡಾವಣೆಯಾಗಿ, ಹಟ್ಟಿಗಳೆಲ್ಲ ಮೂರಂತಸ್ತಿನ ಬಾಡಿಗೆ ಮನೆಗಳಾಗಿ, ಊರಿನ ಕಸಕ್ಕೆಲ್ಲ ಉಳಿದ ಒಂದೇ ದಿಕ್ಕೆಂದರೆ ಮೂರು ದಾರಿ ಕೂಡುವಲ್ಲಿದ್ದ ಅಂಬುಜಮ್ಮನ ಕಾಂಪೌಂಡಿನ ಮೂಲೆ.

ಬೈಕು ನಿಲ್ಲಿಸದೆಯೇ ಕವರು ಎಸೆದು ಹೋಗುವ ಹುಡುಗರಿದ್ದರು. ವಾಕಿಂಗ್ ನೆಪದಲ್ಲಿ ಸೆರಗಿನ ಮರೆಯಲ್ಲಿ ಪೊಟ್ಟಣ ತರುವ ಮರ್ಯಾದಸ್ಥರೂ ಇದ್ದರು. ಕಸದ ಗಾಡಿ ದಿನಾ ಬೆಳಿಗ್ಗೆ ಹಾಡು ಹಾಕಿಕೊಂಡು ಮನೆ ಬಾಗಿಲಿಗೇ ಬರುತ್ತದೆ. ಅದಕ್ಕೆ ಕೊಡಲು ಈ ಜನಕ್ಕೆ ಸೋಮಾರಿತನ, ನಡೆದು ಬಂದು ಎಸೆಯಲು ಮಾತ್ರ ಎಲ್ಲಿಲ್ಲದ ಹುರುಪು!

ಇಷ್ಟು ವರ್ಷ ಬೈದುಕೊಂಡು ಸುಮ್ಮನಿದ್ದ ಅಂಬುಜಮ್ಮನಿಗೆ ಈ ಸಲ ಸುಮ್ಮನಿರುವ ಹಾಗಿರಲಿಲ್ಲ. ಮಗಳು ದಿವ್ಯ ತುಂಬು ಬಸುರಿ. ಬಾಣಂತಿ ಕೋಣೆಯ ಕಿಟಕಿ ತೆರೆಯುವುದು ಆ ಮೂಲೆಗೇ.

"ಮೊದಲ್ನೇ ಬಾಣಂತನ ತವರಲ್ಲೇ ಆಗ್ಬೇಕು ಅಂತ ನಂಗೂ ಆಸೆ ಕಣಮ್ಮ. ಆದ್ರೆ ಆ ಗಬ್ಬು ವಾಸನೇಲಿ, ಆ ಸೊಳ್ಳೇಲಿ ಮಗೂನ ಎಂಗೆ ಮಲಗಿಸ್ಲಿ? ಇದು ಇಂಗೇ ಇದ್ರೆ ಅತ್ತೆ ಮನೇಲೇ ಇದ್ಬುಡ್ತೀನಿ," ಎಂದು ಫೋನಿನಲ್ಲಿ ಖಡಾಖಂಡಿತವಾಗಿ ಹೇಳಿಬಿಟ್ಟಳು.

ಮೊಮ್ಮಗುವನ್ನು ಕಾಲಮೇಲೆ ಮಲಗಿಸಿಕೊಂಡು ತಾನೇ ನೀರೆರೆಯಬೇಕು ಎಂಬುದು ಅಂಬುಜಮ್ಮನ ಆಸೆ. ಅದು ಯಾರದೋ ಎಂಜಲೆಲೆಯಿಂದಾಗಿ ಕೈತಪ್ಪುವುದೆಂದರೆ ಹೊಟ್ಟೆ ಉರಿಯದೆ ಇರುತ್ತದೆಯೇ?

ದೂರು ಕೊಟ್ಟು ಕೊಟ್ಟು ಸಾಕಾದ ಮೇಲೆ ಆರೋಗ್ಯ ನಿರೀಕ್ಷಕ ಸಿದ್ದಲಿಂಗಸ್ವಾಮಿ ಬಂದು 'ಇಲ್ಲಿ ಕಸ ಹಾಕಿದರೆ ದಂಡ' ಎಂಬ ಬೋರ್ಡು ನೆಡಿಸಿ, ಅದರ ಪಕ್ಕ ನಿಂತು ಫೋಟೊ ತೆಗೆಸಿಕೊಂಡು ಹೋದರು. ಮರುದಿನದಿಂದ ಜನ ಕವರುಗಳನ್ನು ನೆಲಕ್ಕೆ ಹಾಕದೆ ಬೋರ್ಡಿಗೇ ನೇತುಹಾಕತೊಡಗಿದರು. ನಾಯಿಗೆ ಎಟುಕಬಾರದಲ್ಲ!

ರೋಸಿಹೋದ ಅಂಬುಜಮ್ಮ ಗಾರೆಯವನನ್ನು ಕರೆಸಿ, ಗೋಡೆಗೆ ಸಾಲಾಗಿ ದೇವರ ಟೈಲ್ಸ್ ಅಂಟಿಸಿದರು. ಗಣಪತಿ, ಚಾಮುಂಡಿ, ಮಂಜುನಾಥ. ಯಾರೂ ಮುನಿಸಿಕೊಳ್ಳದಿರಲೆಂದು ಏಸು, ಮೆಕ್ಕಾನೂ ಇದ್ದವು. ಕಸ ನಿಂತಿತು. ನಿಜವಾಗಿಯೂ ನಿಂತಿತು. ಅಂಬುಜಮ್ಮ ಕಿಟಕಿ ತೆರೆದು ಒಂದು ವಾರ ನೆಮ್ಮದಿಯಾಗಿ ಉಸಿರಾಡಿದರು.

ಆಮೇಲೆ ಯಾರೋ ಗಾಜು ಒಡೆದ ಲಕ್ಷ್ಮಿ ಫೋಟೊ ತಂದು ಗೋಡೆಗೆ ಒರಗಿಸಿದರು. ಮನೆಯಲ್ಲಿ ಇಡುವ ಹಾಗಿಲ್ಲ, ಎಸೆಯುವ ಹಾಗೂ ಇಲ್ಲ. ದೇವರಿರುವ ಜಾಗ ಸಿಕ್ಕಿತಲ್ಲ, ಬಿಟ್ಟು ಹೋದರು. ಅದರ ಹಿಂದೆಯೇ ಮುಕ್ಕಾದ ವಿಗ್ರಹಗಳು, ದೇವರ ಚಿತ್ರದ ಹಳೆಯ ಕ್ಯಾಲೆಂಡರುಗಳು, ಕೊಳೆತ ಹಾರಗಳು ಬಂದವು. ಗಣೇಶನನ್ನು ಮಾಡಲು ಹೋಗಿ ಅವರಪ್ಪನನ್ನು ಮಾಡಿದಂತಾಯಿತು ಅಂಬುಜಮ್ಮನ ಕತೆ.

ಕಸದ ಗಾಡಿಯ ಸಣ್ಣಮಾದಯ್ಯನನ್ನು ಕರೆದರೆ ಅವನು ಕೈಮುಗಿದು ದೂರ ನಿಂತ. "ಕಸ ಆಗಿದ್ರೆ ಒಂದೇ ಗಳಿಗೇಲಿ ಎತ್ತಾಕ್ತಿದ್ದೆ ಕಣವ್ವ. ದೇವ್ರನ್ನ ತಿಪ್ಪೆ ಗಾಡಿಗೆ ಆಕ್ದ ಅಂತ ನಾಕ್ ಜನ ನನ್ ಮ್ಯಾಲೆ ಬಿದ್ರೆ ಯಾರ್ ಬುಡುಸ್ತಾರೆ?"

ಅವನು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಸಿದ್ದಲಿಂಗಸ್ವಾಮಿಯವರಂತೂ ಕಾಲು ಹಿಂದಕ್ಕೇ ಇಟ್ಟರು. "ಕಸ ನಮ್ದು ಅಮ್ಮ. ದೇವರು ನಮ್ಮ ವಿಭಾಗಕ್ಕೆ ಬರಲ್ಲ," ಅಂದರು.

ಅಷ್ಟರಲ್ಲಿ ದಿವ್ಯಳಿಗೆ ಹೆರಿಗೆಯಾಗಿ ಹೆಣ್ಣುಮಗು ಹುಟ್ಟಿತು. ಮೂಲೆ ಚೊಕ್ಕ ಮಾಡುತ್ತೇನೆಂದು ಮಗಳಿಗೆ ಮಾತು ಕೊಟ್ಟಿದ್ದ ಅಂಬುಜಮ್ಮ, ಅವಳು ಆಸ್ಪತ್ರೆಯಿಂದ ತವರಿಗೆ ಬರುವ ಹಿಂದಿನ ದಿನ ಸೆರಗು ಸೊಂಟಕ್ಕೆ ಸಿಕ್ಕಿಸಿ, "ತಪ್ಪಾಯ್ತು ತಂದೆ, ತಪ್ಪಾಯ್ತು ತಾಯಿ," ಎನ್ನುತ್ತಾ ಒಂದೊಂದೇ ದೇವರನ್ನು ಚೀಲಕ್ಕೆ ತುಂಬಿದರು. ಆಟೊ ಮಾಡಿಸಿಕೊಂಡು ಹೋಗಿ ಇಲವಾಲದ ದಾರಿಯ ಒಂದು ಅರಳಿಮರದ ಬುಡದಲ್ಲಿ ಇಳಿಸಿ ಬಂದರು. ಅದೂ ಯಾರದೋ ಮನೆಯ ಮುಂದೆಯೇ ಇತ್ತು, ಅದನ್ನು ಅವರು ಯೋಚಿಸಲಿಲ್ಲ. ಟೈಲ್ಸ್ ಕೀಳಿಸಿ ಮೂಲೆಗೆ ನೀರು ಹೊಡೆದು ತೊಳೆದಾಗ ಸೊಂಟ ಬಿದ್ದುಹೋಗಿತ್ತು.

ಮರುದಿನ ಸಂಜೆ ಮಗು ಬಂತು. ಹೊಸಿಲಲ್ಲಿ ಆರತಿ ಎತ್ತಿದ್ದಾಯಿತು. ಬಂದವರೆಲ್ಲ "ಮುತ್ತಿನಂಥ ಮಗು" ಅಂದಿದ್ದಕ್ಕೆ ಹೆದರಿ, ಅಂಬುಜಮ್ಮ ಅನ್ನದುಂಡೆ, ನಿಂಬೆಹಣ್ಣು, ಒಣಮೆಣಸಿನಕಾಯಿ ನಿವಾಳಿಸಿ ದೃಷ್ಟಿ ತೆಗೆದರು. ಅಂಥದ್ದನ್ನು ಯಾರೂ ತುಳಿಯದ ಕಡೆ, ಮೂರು ದಾರಿ ಕೂಡುವಲ್ಲಿ, ಹಿಂದೆ ತಿರುಗಿ ನೋಡದೆ ಹಾಕಿ ಬರಬೇಕು. ಹಾಕಿ ಬಂದು ಕಾಲು ತೊಳೆದುಕೊಂಡರು.

ಬೆಳಿಗ್ಗೆ ಕಿಟಕಿ ತೆರೆದ ದಿವ್ಯ, "ಅಮ್ಮಾ! ಮತ್ತೆ ಶುರು ಹಚ್ಕೊಂಡವ್ರೆ ನೋಡು," ಎಂದು ಕೂಗಿದಳು. ಅಂಬುಜಮ್ಮ ಪೊರಕೆ ಹಿಡಿದು, ಹಾಕಿದವರ ಏಳು ತಲೆಮಾರನ್ನೂ ಜಾಲಾಡುತ್ತಾ ಹೊರಗೆ ಬಂದರು. ಸರಿಯಾಗಿ ಆ ಹೊತ್ತಿಗೇ ಸಿದ್ದಲಿಂಗಸ್ವಾಮಿಯವರೂ ಮೂಲೆ ಚೊಕ್ಕವಾಗಿದೆಯೆಂದು ಕೇಳಿ ಸ್ಕೂಟರಿನಲ್ಲಿ ಬಂದು ನಿಂತರು.

"ಇಷ್ಟ್ ಕ್ಲೀನಾಗಿದ್ದ ಜಾಗಕ್ಕೆ ಮೊದಲು ಹಾಕ್ದೋರು ಯಾರು ಅಂತ ಹೇಳ್ಬುಡಿ ಅಮ್ಮ. ಇವತ್ತು ದಂಡ ಹಾಕೇ ಹಾಕ್ತೀನಿ."

ಅಂಬುಜಮ್ಮ ಪೊರಕೆಯಿಂದ ಕವರುಗಳನ್ನು ಪಕ್ಕಕ್ಕೆ ಸರಿಸಿದರು. ಎಲ್ಲಕ್ಕಿಂತ ಅಡಿಯಲ್ಲಿ ಬಾಳೆಎಲೆ, ಅದರ ಮೇಲೆ ಕುಂಕುಮ ಹಚ್ಚಿದ ಅನ್ನದುಂಡೆ, ನಿಂಬೆಹಣ್ಣು. ಅವರು ಪೊರಕೆಯನ್ನು ಗೋಡೆಗೆ ಒರಗಿಸಿದರು.

"ಹೇಳಮ್ಮ, ಯಾರಿಗ್ ಹೆದರ್ಕೊಳ್ತೀಯ?" ಅಂದಳು ದಿವ್ಯ, ಮಗುವನ್ನು ಎತ್ತಿಕೊಂಡು ಕಿಟಕಿಯಿಂದಲೇ.

"ನಾನೇ ಕಣಪ್ಪ," ಅಂದರು ಅಂಬುಜಮ್ಮ. "ಬರ್ಕೊ."