ಯಾರ ಬಲ?

ನಮ್ಮ ಬಚ್ಚಲುಮನೆಯಲ್ಲಿ ಕಮೋಡನ್ನು ಬಾಗಿಲೆದುರಿನ ಗೋಡೆಯ ನಟ್ಟನಡುವೆ ಕೂರಿಸಿದ ಪುಣ್ಯಾತ್ಮ ಯಾರೋ ಗೊತ್ತಿಲ್ಲ. ಸಿಂಹಾಸನ ಅಂದುಕೊಂಡಿದ್ದನೋ ಏನೋ. ಕೂತು ಯಾವ ಕಡೆ ಕೈಚಾಚಿದರೂ ಗೋಡೆ ಸಿಗುವುದಿಲ್ಲ. ಎಲ್ಲರೂ ಗಟ್ಟಿಮುಟ್ಟಾಗಿದ್ದಾಗ ಇದು ಯಾರ ತಲೆಗೂ ಹೋಗಿರಲಿಲ್ಲ. ಅತ್ತೆಗೆ ಲಕ್ವ ಹೊಡೆದು ಎಡಗೈ ಎಡಗಾಲು ಸೋತ ಮೇಲೆ, ಕೂತವರನ್ನು ಎಬ್ಬಿಸುವ ಕೆಲಸ ನನ್ನ ಪಾಲಿಗೆ ಬಂತು. ನನ್ನ ಸೊಂಟದ ಪಾಡು ದೇವರಿಗೇ ಪ್ರೀತಿ. ಆದರೆ "ಮುಗೀತು, ಬಾ" ಎಂದು ಕರೆಯುವಾಗ ಅತ್ತೆಯ ದನಿ ಇಷ್ಟೇ ಇಷ್ಟಾಗುತ್ತಿತ್ತಲ್ಲ, ಅದು ಸೊಂಟಕ್ಕಿಂತ ಹೆಚ್ಚು ನೋಯುತ್ತಿತ್ತು.

ಅವರ ದನಿಯೇ ಅಲ್ಲ ಅದು. ಅತ್ತೆ ಟೈಲರ್. ಗಂಡ ಹೋದ ಮೇಲೆ ಮುಂದಿನ ಕೋಣೆಯಲ್ಲಿ ಮಿಷನ್ ಹಾಕಿಕೊಂಡು, ಬೀದಿಗೆಲ್ಲ ಅಂಗಿ ಹೊಲಿದು ಮಗನನ್ನು ಬೆಳೆಸಿದವರು. ಕಲಿಯಲು ಬಂದವರು ಜೇಬನ್ನು ತಪ್ಪು ಕಡೆ ಹಚ್ಚಿದರೆ ಗದರುತ್ತಿದ್ದರು: "ಅಂಗೀನ ಎದುರಿಗಿಟ್ಕೊಂಡು ನೋಡ್ಬೇಡ, ಒಳಗೆ ಹೊಕ್ಕು ನೋಡು! ಎಡ ಬಲ ಎಲ್ಲಾ ತೊಟ್ಟೋರದ್ದು." ಆಮೇಲೆ ಒಂದೇ ಮಾತು, "ಬಿಚ್ಚು." ಅಳಲಿ, ಗೋಗರೆಯಲಿ, ತಪ್ಪು ಹೊಲಿಗೆ ಬಿಚ್ಚಿಸದೆ ಬಿಟ್ಟವರಲ್ಲ.

ಅಂಥವರು ಮಗನ ಮುಂದೆ ಕೇಳಿದ್ದು ಇಷ್ಟೇ: "ನನ್ನ ಕೆಲಸ ಮುಗಿಸ್ಕೊಂಡು ನಾನೇ ಎದ್ದು ಬರೋ ಹಾಗೆ ಮಾಡ್ಕೊಡಿ, ಸಾಕು."

ಕಮೋಡನ್ನು ಮೂಲೆಗೆ ಸರಿಸಿ ಪಕ್ಕದ ಗೋಡೆಗೆ ಆತು ಏಳಲು ಒಂದು ಹಿಡಿ ಹಾಕಿಸುವುದು, ಹೇಗೂ ನೆಲ ಒಡೆಯುತ್ತೇವಲ್ಲ, ಟೈಲ್ಸನ್ನೂ ಬದಲಾಯಿಸುವುದು ಎಂದಾಯಿತು. ಪ್ಲಂಬರ್ ಬಂದ. ಏನು ಹೇಳಿದರೂ "ಆಯ್ತಮ್ಮ" ಎನ್ನುವುದರಿಂದ ಅವನ ಹೆಸರೇ ಆಯ್ತಮ್ಮ ಆಗಿಹೋಗಿದೆ.

"ಹಿಡಿ ಯಾವ ಕಡೆ ಬರ್ಬೇಕು?" ಎಂದ.

"ಬಲಕ್ಕೆ," ಎಂದು ಅತ್ತೆ ಹಾಸಿಗೆಯಿಂದಲೇ ಕೂಗಿದರು.

"ಆಯ್ತಮ್ಮ."

ಆಮೇಲಿನ ಕತೆ ಏನು ಹೇಳಲಿ! ಅನ್ನದ ತಟ್ಟೆಯಲ್ಲೂ ಸಿಮೆಂಟಿನ ಧೂಳು. ಹಳೇ ಪೈಪ್ ಕಿತ್ತ ದಿನ ಬಂದ ವಾಸನೆ ಶತ್ರುವಿಗೂ ಬೇಡ. ಅತ್ತೆಯನ್ನು ಕುರ್ಚಿಯಲ್ಲಿ ಕೂರಿಸಿ ಪ್ರತಿ ಸಲವೂ ಪಕ್ಕದ ಮನೆಯ ಬಚ್ಚಲಿಗೆ ಹೊರಬೇಕು, ಆ ಮನೆಯವಳು "ಇನ್ನೂ ಮುಗೀಲಿಲ್ವಾ?" ಎಂದು ಮೂಗು ಮುರಿಯುತ್ತಾಳೆ. ನಮ್ಮ ಯಜಮಾನರೋ, ಬಾಗಿಲಲ್ಲಿ ಸೊಂಟಕ್ಕೆ ಕೈಕೊಟ್ಟು ನಿಂತು ಮೇಲ್ವಿಚಾರಣೆ.

ಅಂತೂ ಮುಗಿಯಿತು. ಅತ್ತೆ ಕೂತು ನೋಡಿದರು. ಬಲಗೈ ಚಾಚಿದರೆ ಸಿಕ್ಕಿದ್ದು ಗಾಳಿ. ಹೊಸ ಹಿಡಿ ಎಡಗಡೆ, ಸೋತ ಕೈಯ ಪಕ್ಕದಲ್ಲಿ, ಫಳಫಳ ಹೊಳೆಯುತ್ತಿತ್ತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ!

"ನೀವೇ ಬಲ ಅಂದ್ರಲ್ಲಮ್ಮ?" ಆಯ್ತಮ್ಮ ಬಾಗಿಲಲ್ಲಿ ನಿಂತು ಬಲಗೈಯಲ್ಲಿ ಗೋಡೆ ತೋರಿಸಿದ.

"ಅದು ನಿಂತು ನೋಡೋ ನಿನ್ನ ಬಲ. ಕೂರೋಳು ನಾನು. ನನಗೆ ಬೇಕಿದ್ದು ನನ್ನ ಬಲ."

"ಹಿಂದುಮುಂದಾಗಿ ಕೂತ್ರೆ ಸರಿಹೋಗಲ್ವಾ?" ಎಂದರು ಯಜಮಾನರು.

"ಮೊದ್ಲು ನೀವು ಕೂತು ತೋರ್ಸಿ," ಎಂದೆ.

ಆಯ್ತಮ್ಮ ಮೊದಲ ಸಲ "ಆಗಲ್ಲಮ್ಮ" ಎಂದ. "ನಿಮ್ಮ ಬಲಕ್ಕೆ ಗೋಡೆ ಸಿಗ್ಬೇಕಂದ್ರೆ ಕಮೋಡ್ ಆಚೆ ಮೂಲೆಗೆ ಹೋಗ್ಬೇಕು. ಅಲ್ಲಿಂದ ಹೊರಗಿನ ಪೈಪ್ ದೂರ. ಇಳಿಜಾರು ಸಾಲ್ದಿದ್ರೆ ನೀರು ಹೋಗುತ್ತೆ, ಮಿಕ್ಕಿದ್ದು ಮನೇಲೇ ಉಳಿಯುತ್ತೆ. ಮತ್ತೆ ಆಳವಾಗಿ ಅಗೀಬೇಕು."

"ಹಾಗಾದ್ರೆ ಇರ್ಲಿ ಬಿಡು," ಎಂದರು ಯಜಮಾನರು. "ಹೇಗೂ ಇವಳು ಎಬ್ಬಿಸ್ತಾಳಲ್ಲ."

ನನಗೆ ಪಿತ್ತ ನೆತ್ತಿಗೇರಿತು. ಬಾಯಿ ತೆರೆಯುವಷ್ಟರಲ್ಲಿ ಕಮೋಡಿನ ಮೇಲಿಂದ ಹಳೇ ದನಿ ಕೇಳಿಸಿತು.

"ಬಿಚ್ಚು."

ಯಜಮಾನರು ಅಮ್ಮನ ಮುಖ ನೋಡಿ ಬಾಗಿಲು ಬಿಟ್ಟು ಸರಿದರು. ಆಯ್ತಮ್ಮ "ಆಯ್ತಮ್ಮ" ಎಂದ. ಮತ್ತೆ ಧೂಳು, ಮತ್ತೆ ವಾಸನೆ, ಮತ್ತೆ ಪಕ್ಕದ ಮನೆಯವಳ ಮೂಗು. ಈ ಸಲ ಗೋಡೆಗೆ ಗುರುತು ಹಾಕುವ ಮೊದಲು ಅವನು ಬಕೆಟ್ ಬೋರಲು ಹಾಕಿ, ಬಾಗಿಲಿಗೆ ಮುಖ ಮಾಡಿ ಕೂತು, ಬಲಗೈ ಚಾಚಿ ನೋಡಿದ.

ಕೆಲಸ ಮುಗಿದ ದಿನ ಅತ್ತೆ ಕೋಲೂರಿಕೊಂಡು ಒಳಗೆ ಹೋದರು. ಚಿಲಕ ಬಿದ್ದ ಸದ್ದಾಯಿತು. ಲಕ್ವ ಹೊಡೆದಂದಿನಿಂದ ಆ ಚಿಲಕ ಹಾಕಿದವರಲ್ಲ. ನಾವು ಮೂವರೂ ಹೊರಗೆ ಬಾಗಿಲಿಗೆ ಕಿವಿಗೊಟ್ಟು ನಿಂತೆವು. ಎಷ್ಟು ಹೊತ್ತಾದರೂ ಸದ್ದಿಲ್ಲ. ನನಗೆ ತಡೆಯಲಾಗಲಿಲ್ಲ.

"ಅತ್ತೆ, ಬರ್ಲಾ?"

"ಯಾಕೆ, ನಿನಗೂ ಅರ್ಜೆಂಟಾ? ತಡ್ಕೋ, ನಂದಿನ್ನೂ ಆಗಿಲ್ಲ!"

ಪಕ್ಕದ ಮನೆಯವಳಿಗೂ ಕೇಳಿಸಿರಬೇಕು.