ಬೆಳ್ಳಿ ಬಟ್ಟಲದಾಗ

ಚಹಾದ ಕಪ್ಪು ಕೈಗೆ ಕೊಟ್ಟೆ. ಅವರು ಅದನ್ನು ನೋಡಿ "ಯರಗಟ್ಟಿ" ಅಂದರು.

ನಾನು ನಕ್ಕುಬಿಟ್ಟೆ. ನಮ್ಮವರು ಬೈಲಹೊಂಗಲದ ಬಸ್ ಸ್ಟ್ಯಾಂಡಿನಲ್ಲಿ ಕಂಟ್ರೋಲರ್ ಆಗಿದ್ದವರು. ಮೈಕಿನಲ್ಲಿ ಊರುಗಳ ಹೆಸರು ಕೂಗಿ ಕೂಗಿಯೇ ರಿಟಾಯರ್ ಆದವರು. ನಿದ್ದೆಗಣ್ಣಿನಲ್ಲಿ ಡ್ಯೂಟಿ ನೆನಪಾಗಿರಬೇಕು ಅಂದುಕೊಂಡೆ.

"ಯರಗಟ್ಟಿಗೆ ಆಮ್ಯಾಲ ಹೋಗೂಣಂತ. ಮೊದಲ ಚಹಾ ಕುಡೀರಿ" ಅಂದೆ.

ಅವರು ನಗಲಿಲ್ಲ. ಮತ್ತೆ "ಯರಗಟ್ಟಿ" ಅಂದರು. ಈ ಸಲ ದನಿಯಲ್ಲಿ ಗಾಬರಿ ಇತ್ತು. ಕಪ್ಪು ಬಲಗೈಯಿಂದ ಜಾರಿತು. ಬಿಸಿ ಚಹಾ ತೊಡೆಯ ಮೇಲೆ ಚೆಲ್ಲಿದರೂ ಅವರು ಕೆಳಗೆ ನೋಡಲಿಲ್ಲ. ನನ್ನ ಮುಖವನ್ನೇ ನೋಡುತ್ತಿದ್ದರು.

ಬಾಯಿ ಒಂದು ಕಡೆ ವಾಲಿತ್ತು.

ಪಕ್ಕದ ಮನೆಯವರು ಗಾಡಿ ತಂದರು. ಊರಿನ ಆಸ್ಪತ್ರೆಯಲ್ಲಿ ನೋಡಿ, ತಡ ಮಾಡಬೇಡಿ ಎಂದು ಬೆಳಗಾವಿಗೆ ಕಳಿಸಿದರು. ಅಲ್ಲಿ ಸ್ಕ್ಯಾನ್ ಮಾಡಿದರು. ಡಾಕ್ಟರು ಆ ಚಿತ್ರವನ್ನು ಬೆಳಕಿಗೆ ಹಿಡಿದು, "ಮೆದುಳಿನ ಎಡಗಡೆ ಸ್ಟ್ರೋಕ್ ಆಗೇದ್ರಿ ಅಮ್ಮಾ. ಜೀವಕ್ಕ ಸದ್ಯ ಭಯ ಇಲ್ಲ. ಆದರ ಮಾತಿನ ಜಾಗಕ್ಕ ಪೆಟ್ಟು ಬಿದ್ದದ" ಅಂದರು. ಅದಕ್ಕೆ ಅಫೇಸಿಯಾ ಎನ್ನುತ್ತಾರಂತೆ. ನಾನು ಓದಿದ್ದು ಎಸ್ಸೆಸ್ಸೆಲ್ಸಿ. ಆ ಶಬ್ದವನ್ನು ಒಂದು ಚೀಟಿಯಲ್ಲಿ ಬರೆಸಿಕೊಂಡೆ. ಅದು ಇನ್ನೂ ನನ್ನ ಪರ್ಸಿನಲ್ಲಿದೆ.

ಹನ್ನೆರಡು ದಿನಕ್ಕೆ ಮನೆಗೆ ಬಂದೆವು. ಬಲಗಾಲು ಎಳೆದು ಹಾಕುತ್ತಿದ್ದರು. ಬಲಗೈ ಮಡಿಲಲ್ಲಿ ಬಿದ್ದಿರುತ್ತಿತ್ತು. ನಾವು ಹೇಳಿದ್ದೆಲ್ಲ ತಿಳಿಯುತ್ತಿತ್ತು. ಹೇಳಲಿಕ್ಕೆ ಮಾತ್ರ ಬಾರದು. ನೀರು ಬೇಕಾದರೆ ಬಾಯಿ ತೆರೆಯುತ್ತಾರೆ, ಹಣೆಯ ನರ ಉಬ್ಬುತ್ತದೆ, ಕಡೆಗೆ "ಅದ... ಅದ..." ಎಂದು ಸುಮ್ಮನಾಗುತ್ತಾರೆ. ಇಡೀ ಪೇಟೆಗೆ ಕೇಳಿಸುತ್ತಿದ್ದ ದನಿ ಅದು.

ಹದಿನೈದು ದಿನಕ್ಕೊಮ್ಮೆ ಸ್ಪೀಚ್ ಥೆರಪಿಗೆ ಕರೆದುಕೊಂಡು ಹೋಗುತ್ತಿದ್ದೆ. ಕಲಿಸುವಾಕೆ ಸಣ್ಣ ವಯಸ್ಸಿನ ಹುಡುಗಿ, ಭಾಳ ತಾಳ್ಮೆಯವಳು. ಮೊದಲ ದಿನವೇ ಅವರ ಕೆಲಸ ಏನಿತ್ತೆಂದು ಕೇಳಿದಳು. ನಾನು ಹೇಳಿದೆ. ಆಕೆ ಅವರ ಕಡೆ ತಿರುಗಿ, ಮೈಕಿನಲ್ಲಿ ಕೂಗಿದಂತೆ, "ಯರಗಟ್ಟಿ..." ಅಂದಳು.

"ಮುನವಳ್ಳಿ, ಸವದತ್ತೀ" ಅಂದರು ನಮ್ಮವರು. ತಡವರಿಸದೆ. ಕಡೆಯ ಅಕ್ಷರವನ್ನು ಮೊದಲಿನ ಹಾಗೆಯೇ ಎಳೆದು.

ನಾನು ಬಾಯಿಗೆ ಸೆರಗು ಹಿಡಿದುಕೊಂಡೆ.

"ಆರಾಮ ಆದ್ರೇನ್ರಿ?" ಎಂದು ಕೇಳಿದೆ.

"ಇಲ್ರಿ ಆಂಟಿ. ಸಾಲಾಗಿ ಬಾಯಿಪಾಠ ಆಗಿದ್ದು ಬ್ಯಾರೆ ಕಡೆ ಇರತದ. ಮಂತ್ರ, ಹಾಡು, ಮಗ್ಗಿ ಇಂಥಾವು. ಮಾತು ಅನ್ನೋ ಊರು ಅಲ್ಲೇ ಅದ ರೀ, ಹೋಗೋ ರಸ್ತಾ ಅಷ್ಟ ಕಿತ್ತು ಹೋಗೇದ. ಸುತ್ತು ಹಾಕಿ ಹೋಗಬೇಕು. ನೀವು ಶುರು ಮಾಡಿ ಕೊಡ್ರಿ, ಅವರು ಮುಗಸ್ತಾರ."

ಅದನ್ನು ಚಲೋ ನೆನಪಿಟ್ಟುಕೊಂಡೆ. ದಿನಾ ಬೆಳಿಗ್ಗೆ ಸಂಧ್ಯಾವಂದನೆಯ ಕೇಶವಾಯ ಸ್ವಾಹಾ ಶುರು ಮಾಡಿ ಕೊಡುತ್ತಿದ್ದೆ. ಅವರು ಇಪ್ಪತ್ನಾಲ್ಕೂ ನಾಮ ಹೇಳಿ ಮುಗಿಸುತ್ತಿದ್ದರು. ಮುಗಿಸಿ ನೀರು ಕೇಳಲು ಮಾತು ಬರುತ್ತಿರಲಿಲ್ಲ.

ಇಲ್ಲಿ ಒಂದು ಮಾತು ಹೇಳಬೇಕು. ಮದುವೆಯಾಗಿ ಮೂವತ್ತೆಂಟು ವರ್ಷವಾಗಿತ್ತು. ಒಂದು ದಿನವೂ ಅವರು ನನ್ನನ್ನು ಹೆಸರು ಹಿಡಿದು ಕರೆದವರಲ್ಲ. "ಕೇಳಸ್ತೇನು?", "ಇಲ್ಲಿ ನೋಡು", ಇಷ್ಟೇ. ಮಕ್ಕಳಿದ್ದ ಮನೆಯಲ್ಲಿ ಇಂಥವನ ಆಯಿ ಎಂದಾದರೂ ಕರೆಯುತ್ತಾರೆ. ನಮಗೆ ಮಕ್ಕಳಾಗಲಿಲ್ಲ, ಹಾಗಾಗಿ ಆ ಹೆಸರೂ ನನಗೆ ಸಿಗಲಿಲ್ಲ. ನಾನೂ ಅವರ ಹೆಸರು ಹೇಳಿದವಳಲ್ಲ. ಆಸ್ಪತ್ರೆಯಲ್ಲಿ ಯಾರು ಕೇಳಿದರೂ ಆಧಾರ್ ಕಾರ್ಡು ಮುಂದಿಡುತ್ತಿದ್ದೆ. ಅವರ ತಂಗಿ ಸುಮಿತ್ರಾ, ರಾಮದುರ್ಗಕ್ಕೆ ಕೊಟ್ಟವಳು, ಮನೆಗೆ ಬಂದಾಗಲೆಲ್ಲ ಅಣ್ಣನನ್ನು ಕಾಡುತ್ತಿದ್ದಳು.

"ಅಣ್ಣಾ, ದುನಿಯಾದಾಗಿನ ಊರಿನ ಹೆಸರೆಲ್ಲಾ ಕೂಗ್ತಿ. ವೈನೀ ಹೆಸರು ಕೂಗಲಿಕ್ಕೆ ನಿನಗ ಪ್ಲಾಟಫಾರ್ಮ ಬೇಕೇನು?"

ಅವರು ಪೇಪರ್ ಮರೆಮಾಡಿಕೊಂಡು ನಗುತ್ತಿದ್ದರು.

ನಾಲ್ಕನೇ ತಿಂಗಳು ಒಂದು ಮಧ್ಯಾಹ್ನ ಊಟಕ್ಕೆ ಬಡಿಸುತ್ತಿದ್ದೆ. ಅವರು ನನ್ನ ಕೈ ಹಿಡಿದರು. ಬಾಯಿ ತೆರೆದರು. ಬಹಳ ಹೊತ್ತಿನ ಮೇಲೆ, "ಬಟ್ಟಲದಾಗ" ಅಂದರು.

ಹೊಸ ಮಾತು! ನನಗೆ ಕುಣಿಯುವಷ್ಟು ಸಂತೋಷ. ಅನ್ನ ಬಟ್ಟಲದಾಗ ಬೇಕೇನೋ ಎಂದು ಸ್ಟೀಲಿನ ಬಟ್ಟಲಿಗೆ ಹಾಕಿ ಕೊಟ್ಟೆ. ಅವರು ಬಟ್ಟಲನ್ನು ನೋಡಿದರು, ನನ್ನನ್ನು ನೋಡಿದರು, ತಲೆ ಅಲ್ಲಾಡಿಸಿದರು. ಸಾರು ಹಾಕಿದೆ. ಅಲ್ಲ. ಮೊಸರು ಹಾಕಿದೆ. ಅಲ್ಲ. ಮರುದಿನ ಮಾತು ಇನ್ನಷ್ಟು ಸ್ಪಷ್ಟವಾಯಿತು.

"ಬೆಳ್ಳಿ ಬಟ್ಟಲದಾಗ."

ಅತ್ತೆಯವರದೊಂದು ಬೆಳ್ಳಿ ಬಟ್ಟಲಿತ್ತು. ಅವರು ಹೋದ ಮೇಲೆ ಅದನ್ನು ಸುಮಿತ್ರಾಗೆ ಕೊಟ್ಟಿದ್ದೆವು. ಫೋನಿನಲ್ಲಿ ಆಕೆಗೆ ವಿಷಯ ಹೇಳಿದೆ. "ಅಣ್ಣನ ಮನಸಿನ್ಯಾಗ ಇಷ್ಟು ದಿನಾ ಅದ ಇತ್ತೇನು ವೈನಿ?" ಅಂದಳು. ಮರುದಿನವೇ ಬಸ್ಸು ಹತ್ತಿ ಬಂದಳು. ಬಟ್ಟಲನ್ನು ಹುಣಸೆಹುಳಿ ಹಚ್ಚಿ ತಿಕ್ಕಿ, ಅಣ್ಣನ ಎದುರು ಇಟ್ಟಳು. "ತಗೋ ಅಣ್ಣಾ. ಅವ್ವನ ಬಟ್ಟಲ. ನೀ ಇಟ್ಟುಕೋ."

ಅವರು ಅದನ್ನು ಎಡಗೈಯಿಂದ ದೂರ ಸರಿಸಿದರು. ನನ್ನ ಕಡೆ ತಿರುಗಿದರು.

"ಬೆಳ್ಳಿ ಬಟ್ಟಲದಾಗ" ಅಂದರು.

ಆಮೇಲೆ ಮೂರು ತಿಂಗಳು ನಮ್ಮ ಮನೆಯಲ್ಲಿ ಇದೇ ನಡೆಯಿತು. ಗಂಜಿ ಬೆಳ್ಳಿ ಬಟ್ಟಲದಾಗ. ಗುಳಿಗೆ ಬೆಳ್ಳಿ ಬಟ್ಟಲದಾಗ. ನೀರು, ಹಾಲು, ಹಣ್ಣಿನ ಹೋಳು. ಒಮ್ಮೆ ಹೂ ಇಟ್ಟು ನೋಡಿದೆ. ಒಮ್ಮೆ ಅತ್ತೆಯವರ ಫೋಟೋ ತೆಗೆದು ತಂದು ಅದರ ಪಕ್ಕದಲ್ಲಿಟ್ಟೆ. ಪ್ರತಿ ಸಲವೂ ಅವರು ಬಟ್ಟಲಿನೊಳಗೆ ಒಂದು ಸಲ ನೋಡಿ, ನನ್ನ ಮುಖ ನೋಡುತ್ತಿದ್ದರು. ಕಣ್ಣು ಬಟ್ಟಲಿನ ಮೇಲೆ ನಿಲ್ಲುತ್ತಲೇ ಇರಲಿಲ್ಲ. ಇದನ್ನು ನಾನು ದಿನಾ ಕಂಡಿದ್ದೇನೆ. ಆದರೆ ನನ್ನ ಕಣ್ಣು ಮಾತ್ರ ಬಟ್ಟಲಿನ ಮೇಲೆಯೇ ಇತ್ತು. ಅದರಲ್ಲಿ ಏನು ಹಾಕಬೇಕು, ಇನ್ನೇನು ಹಾಕಬೇಕು ಎಂಬುದೊಂದೇ ಯೋಚನೆ.

ಏಳನೇ ತಿಂಗಳು. ಸೋಮವಾರ. ರಕ್ತ ಪರೀಕ್ಷೆಯಲ್ಲಿ ಶುಗರ್ ಏರಿತ್ತೆಂದು ಡಾಕ್ಟರು ನನಗೆ ಬೈದು ಕಳಿಸಿದ್ದರು. ಸಾಕಾಗಿ ಹೋಗಿತ್ತು. ಹಾಸಿಗೆ ಒದ್ದೆಯಾಗಿತ್ತು, ಬದಲಿಸುತ್ತಿದ್ದೆ. ಅವರು ಕುರ್ಚಿಯಲ್ಲಿ ಕುಳಿತಿದ್ದರು. "ಬೆಳ್ಳಿ ಬಟ್ಟಲದಾಗ" ಅಂದರು. ನಾನು ಓಗೊಡಲಿಲ್ಲ. ಮತ್ತೆ ಅಂದರು. ಆಮೇಲೆ ಉಸಿರು ಬಿಗಿಹಿಡಿದು, ಕುರ್ಚಿಯ ಕೈ ಒತ್ತಿ ಹಿಡಿದು, ಇದ್ದ ಬಲವನ್ನೆಲ್ಲ ಹಾಕಿ, "ಸಕ್ಕರಿ" ಅಂದರು.

"ಸಕ್ಕರಿ" ಎಂದು ಹೇಳಿ, ಮುಖ ಅರಳಿಸಿ, ನನ್ನನ್ನು ನೋಡಿದರು.

ನನಗೆ ಸಿಟ್ಟು ಬಂತು.

"ಇದಕ್ಕೇನು ಮೂರು ತಿಂಗಳು ನನ್ನ ಜೀವಾ ತಿಂದದ್ದು? ಸಕ್ಕರಿ ಬೇಕಂತ, ಸಕ್ಕರಿ! ನಿಮ್ಮ ಸಲವಾಗಿ ನಾ ಎಲ್ಲಾರ ಕಡೆ ಬೈಸ್ಕೋಬೇಕು. ಬಾಯಿ ಮುಚ್ಚಿಕೊಂಡು ಕೂಡ್ರಿ ಇನ್ನ."

ಅವರು ಮುಖವನ್ನು ಗೋಡೆಯ ಕಡೆ ತಿರುಗಿಸಿದರು.

ಆ ಮಾತನ್ನು ಮತ್ತೆ ಹೇಳಲಿಲ್ಲ. ಎಂಟು ದಿನ. ಒಂಬತ್ತನೆಯ ದಿನ ಎರಡನೇ ಸ್ಟ್ರೋಕ್ ಆಯಿತು. ಬೆಳಗಾವಿಯ ಐಸಿಯುವಿನಲ್ಲಿ ಎರಡು ದಿನ ಇದ್ದರು, ಕಣ್ಣು ತೆರೆಯಲಿಲ್ಲ.

ಹದಿಮೂರು ದಿನದ ಕರ್ಮಗಳು ಮುಗಿದವು. ಬಟ್ಟಲನ್ನು ನಾನೇ ಟ್ರಂಕಿನೊಳಗೆ ಹಾಕಿದೆ. ಸಾಯುವವರಿಗೆ ಒಂದು ಚಮಚ ಸಕ್ಕರೆ ಕೊಟ್ಟಿದ್ದರೆ ಏನಾಗುತ್ತಿತ್ತು ಎಂದು ಆಗ ಅಳುತ್ತಿದ್ದೆ. ನನ್ನ ತಪ್ಪು ಅಷ್ಟೇ ಎಂದು ತಿಳಿದಿದ್ದೆ.

ಮರಣ ಪ್ರಮಾಣ ಪತ್ರದ ಕೆಲಸಕ್ಕೆ ಕಚೇರಿಗೆ ಹೋದೆ. ಕೌಂಟರಿನಲ್ಲಿದ್ದವರು ಎರಡೂ ಕಾಗದಗಳನ್ನು ಪಕ್ಕಪಕ್ಕ ಇಟ್ಟು ಹುಬ್ಬು ಗಂಟು ಹಾಕಿದರು.

"ಅಮ್ಮಾರ, ಆಧಾರದಾಗ ವಸಂತ ಐತಿ. ಆಸ್ಪತ್ರಿ ಕಾಗದದಾಗ ವಸಂತಿ ಐತಿ. ಒಂದ ಗುಡಿಸಿನಾಗ ಗಂಡಸರನ್ನ ಹೆಣಮಗಳು ಮಾಡಿ ಕಳಿಸ್ಯಾರ ನೋಡ್ರಿ. ಯಾವದು ಖರೇ? ನೀವ ಬಾಯಿಲೆ ಹೇಳ್ರಿ, ಯಜಮಾನ್ರ ಹೆಸರೇನು?"

ಹೇಳಬೇಕು. ಆಧಾರ್ ಕಾರ್ಡು ಅವರ ಕೈಯಲ್ಲಿದೆ. ನನ್ನ ಹಿಂದೆ ಪಾಳಿ ಇದೆ. ಬಾಯಿ ತೆರೆದೆ. ಹೆಸರು ಬರಲಿಲ್ಲ. ಇನ್ನೊಮ್ಮೆ ತೆರೆದೆ.

"ಹಿತ್ತಲದಾಗ ಹಚ್ಚೀನಿ ದವನದ ಸಸಿ" ಎಂದುಬಿಟ್ಟೆ.

"ಏನಂದ್ರೀ?" ಅಂದರು ಅವರು. ಹಿಂದೆ ಯಾರೋ ನಕ್ಕರು.

"ವಸಂತರಾಯರ ಹೆಸರ ಹೇಳಲಿಕ್ಕೆ ಯಾಕ ಕಸಿವಿಸಿ" ಎಂದು ನಾಲಿಗೆ ತಾನೇ ಮುಗಿಸಿತು.

ಅದು ನನ್ನ ಮದುವೆಯ ಒಡಪು. ನಮ್ಮ ಕಡೆ ಮದುಮಕ್ಕಳು ಒಬ್ಬರ ಹೆಸರು ಒಬ್ಬರು ಸುಮ್ಮನೆ ಹೇಳುವಂತಿಲ್ಲ. ಎರಡು ಸಾಲಿನ ಒಡಪು ಕಟ್ಟಿ, ಅದರೊಳಗೆ ಹೆಸರು ಕೂಡಿಸಿ, ಎಲ್ಲರ ಮುಂದೆ ಹೇಳಬೇಕು. ಅಲ್ಲಿಯವರೆಗೆ ಹೆಂಗಸರು ಬಿಡುವುದಿಲ್ಲ. ಆ ದಿನ ಹೇಳಿದ್ದೇ ಕೊನೆ. ಅವರ ಹೆಸರಿಗೆ ನನ್ನ ನಾಲಿಗೆಯಲ್ಲಿ ಇದ್ದದ್ದು ಅದೊಂದೇ ದಾರಿ.

ಅವರ ನಾಲಿಗೆಯಲ್ಲಿಯೂ.

ಬೆಳ್ಳಿ ಬಟ್ಟಲದಾಗ.

ಬೆಳಕು ಬಿದ್ದ ಹಾಗೆ ಎನ್ನುತ್ತಾರೆ. ನನಗೆ ಹಾಗೆ ಆಗಲಿಲ್ಲ. ಕತ್ತಲಲ್ಲಿ ಇನ್ನೊಂದು ಮೆಟ್ಟಿಲಿದೆ ಎಂದು ಕಾಲಿಟ್ಟು, ಇಲ್ಲದೆ ಹೋದಾಗ ಜೀವ ಝಲ್ಲೆನ್ನುತ್ತದಲ್ಲ, ಹಾಗಾಯಿತು. ಕೌಂಟರಿನ ಕಟ್ಟೆ ಹಿಡಿದುಕೊಂಡೆ. ಆ ಮನುಷ್ಯ ಎದ್ದು ಬಂದು, ತಮ್ಮ ಕುರ್ಚಿ ಕೊಟ್ಟು, ನೀರು ಕೊಟ್ಟರು. "ಕುಂಡ್ರಿ ಅಮ್ಮಾರ, ಗಡಬಡಿ ಇಲ್ಲ" ಅಂದರು.

ಹೊರಗೆ ಬಂದು ಸುಮಿತ್ರಾಗೆ ಫೋನ್ ಮಾಡಿದೆ. ಮದುವೆಯ ದಿನ ನಾನು ತಲೆ ತಗ್ಗಿಸಿ ಕುಳಿತಿದ್ದೆ. ಅವರು ಹೇಳಿದ್ದು ಒಂದೇ ಸಲ, ಗಡಿಬಿಡಿಯಲ್ಲಿ. ನನಗೆ ನೆನಪಾಗಿದ್ದು ಖರೆಯೋ, ಈಗ ನಾನೇ ಹುಟ್ಟಿಸಿಕೊಂಡದ್ದೋ ತಿಳಿಯಬೇಕಿತ್ತು. ಅಣ್ಣನಿಗೆ ಒಡಪು ಕಟ್ಟಿ ಕೊಟ್ಟವಳು ಆಕೆ. ಬೆಳಗಿನಿಂದ ಬಾಯಿಪಾಠ ಮಾಡಿಸಿದವಳೂ ಆಕೆಯೇ.

"ನಿಮ್ಮ ಅಣ್ಣಗ ಮದುವಿಯೊಳಗ ಏನು ಒಡಪು ಕಲಿಸಿದ್ದಿ?"

"ಈಗ್ಯಾಕ ವೈನಿ ಅದು?"

"ಹೇಳ ನೀ."

"ಅಯ್ಯ, ಎಷ್ಟು ವರ್ಷಾತು... ಬೆಳ್ಳಿ ಬಟ್ಟಲದಾಗ ಸಕ್ಕರಿ ಹರಳು..."

ಆಕೆಯ ದನಿ ಅಲ್ಲೇ ನಿಂತಿತು.

"ಮುಂದ ಹೇಳು" ಅಂದೆ.

"ವೈನೀ..."

"ಹೇಳು ಸುಮಿತ್ರಾ."

"ಇಂದಿರಾ ಬಂದ್ಲು, ಮನಿಗೆಲ್ಲಾ ನೆರಳು."

ಇಂದಿರಾ ನನ್ನ ಹೆಸರು.

ಸಕ್ಕರಿಯವರೆಗೆ ಬಂದಿದ್ದರು. ಹರಳು ದಾಟಿದರೆ ನನ್ನ ಹೆಸರು. ಶುರು ಮಾಡಿ ಕೊಡಿ, ಅವರು ಮುಗಿಸುತ್ತಾರೆ ಎಂದು ಆ ಹುಡುಗಿ ಹೇಳಿದ್ದಳು. ಇಲ್ಲಿ ಅವರೇ ಶುರು ಮಾಡಿ ಕೊಟ್ಟಿದ್ದರು. ಮುಗಿಸಬೇಕಾದವಳು ನಾನು. ಬಾಯಿ ಮುಚ್ಚಿ ಕೂಡ್ರಿ ಅಂದೆ.

ಈ ಯೋಚನೆಯೊಂದಿಗೆ ಬಹಳ ದಿನ ಕಳೆದೆ. ಬೇಕಾದದ್ದೆಲ್ಲ ನನ್ನ ಹತ್ತಿರವೇ ಇತ್ತು. ಥೆರಪಿಯ ಹುಡುಗಿಯ ಮಾತು, ಬಟ್ಟಲು, ಸಕ್ಕರಿ, ನನ್ನ ಮುಖದ ಮೇಲೆ ನಿಲ್ಲುತ್ತಿದ್ದ ಅವರ ಕಣ್ಣು. ಮೂರು ತಿಂಗಳು ತಲೆ ಒಡೆದುಕೊಂಡರೂ ಇವು ಒಂದಕ್ಕೊಂದು ಕೂಡಲಿಲ್ಲ. ಹುಡುಕುವುದನ್ನು ಬಿಟ್ಟು, ಬೇರೆ ಯಾವುದೋ ಕೆಲಸಕ್ಕೆ ಬಾಯಿ ತೆರೆದಾಗ ಕೂಡಿದವು. ಅದೂ ತಲೆಯಲ್ಲಿ ಅಲ್ಲ, ಮೊದಲು ನಾಲಿಗೆಯಲ್ಲಿ. ಅವರಿಗಾದದ್ದು ಒಂದು ಗಳಿಗೆ ನನಗೂ ಆಗಬೇಕಾಯಿತು. ಆಗದ ಹೊರತು ತಿಳಿಯುತ್ತಿರಲಿಲ್ಲ. ಮನುಷ್ಯರಿಗೆ ಇನ್ನೊಬ್ಬರ ಸಂಕಟ ಹೀಗೆಯೇ ತಿಳಿಯುವುದಾದರೆ ಅದು ತಡವಾಗಿಯೇ ಬರುತ್ತದೆ ಎನಿಸುತ್ತದೆ.

ಥೆರಪಿಯ ಹುಡುಗಿಗೂ ಫೋನ್ ಮಾಡಿ ಕೇಳಿದೆ. ಆಕೆ ಪೂರ್ತಿ ಕೇಳಿಸಿಕೊಂಡಳು.

"ಇರಬಹುದ್ರಿ ಆಂಟಿ. ಹಂಗ ಆಗತದ. ಆದರ ಖಾತ್ರಿ ಹೇಳಲಿಕ್ಕೆ ಬರೂದಿಲ್ಲ. ಶುಗರ್ ಇದ್ದವರು ಖರೇನ ಸಿಹಿ ಕೇಳಿರಲಿಕ್ಕೂ ಸಾಕು."

ಸುಳ್ಳು ಸಮಾಧಾನ ಹೇಳಲಿಲ್ಲ. ಅದಕ್ಕಾಗಿ ಆಕೆಯನ್ನು ನೆನೆಯುತ್ತೇನೆ. ಹೌದು, ಖಾತ್ರಿ ಇಲ್ಲ. ಕೆಲವು ದಿನ ನನಗೆ ಅದು ನನ್ನ ಹೆಸರೇ. ಕೆಲವು ದಿನ ಅವರಿಗೆ ಬರೀ ಸಕ್ಕರೆ ಬೇಕಾಗಿತ್ತು, ನಾನು ಕೊಡಲಿಲ್ಲ. ಎರಡರಲ್ಲಿಯೂ ನನ್ನ ಸಿಟ್ಟು ಹಾಗೆಯೇ ಉಳಿಯುತ್ತದೆ. ಆದರೆ ಅವರು ನನ್ನ ಮುಖ ನೋಡುತ್ತಿದ್ದದ್ದು ಮಾತ್ರ ಸುಳ್ಳಲ್ಲ. ಸಕ್ಕರೆ ಬೇಕಾದವರು ಡಬ್ಬಿಯ ಕಡೆ ನೋಡುತ್ತಾರೆ.

ಬಟ್ಟಲನ್ನು ಸುಮಿತ್ರಾಗೆ ವಾಪಸು ಕೊಡಲು ಹೋದೆ. ಆಕೆ ಮುಟ್ಟಲಿಲ್ಲ. ಈಗ ಅದು ನಮ್ಮ ಅಡುಗೆಮನೆಯ ಗೋಡೆಯ ಮಾಡದಲ್ಲಿದೆ. ಅದರಲ್ಲಿ ಏನೂ ಹಾಕುವುದಿಲ್ಲ.

ಕಳೆದ ವಾರ ಕಚೇರಿಯಿಂದ ಕರೆ ಬಂತು. ತಿದ್ದಿದ ಪ್ರಮಾಣ ಪತ್ರ ತಯಾರಾಗಿತ್ತು. ಕೌಂಟರಿನ ಅದೇ ಮನುಷ್ಯ ಕಾಗದವನ್ನು ನನ್ನ ಕಡೆ ತಿರುಗಿಸಿ, "ಒಮ್ಮೆ ಬಾಯಿಬಿಟ್ಟು ಓದಿ ನೋಡ್ರಿ ಅಮ್ಮಾರ. ಮತ್ತ ತಪ್ಪಾದರ ನಮಗೂ ತ್ರಾಸ" ಅಂದರು.

ಮೃತರ ಹೆಸರು ಎಂದಿರುವ ಕಡೆ ಬೆರಳಿಟ್ಟೆ. "ವಸಂತ" ಎಂದು ಓದಿದೆ. ದವನದ ಸಸಿ ಬೇಕಾಗಲಿಲ್ಲ.

ಅದರ ಕೆಳಗೆ ಹೆಂಡತಿಯ ಹೆಸರು ಎಂದಿತ್ತು. ಅಲ್ಲಿ ಬೆರಳು ಸ್ವಲ್ಪ ಹೊತ್ತು ನಿಂತಿತು. ಪಾಳಿಯಲ್ಲಿದ್ದವರು ಕಾದರು.

"ಇಂದಿರಾ" ಎಂದು ಓದಿದೆ.

"ಬರೋಬ್ಬರಿ ಅದಾವಲ್ರಿ ಎರಡೂ?"

"ಹೌದ್ರಿ" ಅಂದೆ. "ಬರೋಬ್ಬರಿ ಅವ."